ಕ್ಯಾಂಟೀನ್ ಅಕ್ಕ ನೋಡಿದ ಕರ್ನಾಟಕ

ಕಳೆದ ತಿಂಗಳು ಗಾಡಿ ಮಾರುವ ಮುನ್ನ ಸೀಟು ಕವರ್ ಬದಲಾಯಿಸಲು ಕೊಟ್ಟಿದ್ದೆ. ಮುಂದಿನ ಎಡಗಡೆಯ ಸೀಟು ಬಿಚ್ಚಿದಾಗ ಅದರ ಕಂಬಿಯ ಕೆಳಗೆ ಒಂದು ಒಣ ನಿಂಬೆಹಣ್ಣು ಸಿಕ್ಕಿತು. ಕಪ್ಪಗಾಗಿ, ಗೋಲಿಯಂತೆ ಗಟ್ಟಿಯಾಗಿತ್ತು. "ದೃಷ್ಟಿಗೆ ಕಟ್ಟಿದ್ದು ಉದುರಿರ್ಬೇಕು ಅಣ್ಣ" ಎಂದ ಸೀಟು ಕೆಲಸದವನು. ನಾನು ಗಾಡಿಗೆ ನಿಂಬೆಹಣ್ಣು ಕಟ್ಟುವವನಲ್ಲ. ಬೆಳಕಿಗೆ ಹಿಡಿದು ನೋಡಿದರೆ ಸಿಪ್ಪೆಯ ಮೇಲೆ ಉಗುರು ಒತ್ತಿದ ಗೆರೆಗಳು ಇನ್ನೂ ಇದ್ದವು. ಮೂಸಿದೆ. ಬರೀ ಧೂಳಿನ ವಾಸನೆ...

ಅದು ಕ್ಯಾಂಟೀನ್ ಅಕ್ಕನದು. ಗಾಡಿಯಲ್ಲಿ ಕೂತರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಆ ಪ್ರವಾಸದ ನಾಲ್ಕು ದಿನವೂ ಕೈಯಲ್ಲಿ ನಿಂಬೆಹಣ್ಣು ಹಿಡಿದು, ಉಗುರಿನಿಂದ ಒತ್ತಿ ಒತ್ತಿ ಮೂಗಿಗೆ ಹಿಡಿಯುತ್ತಿದ್ದರು. ಆಗಲೇ ಏಳು ವರ್ಷವಾಯಿತು.

ಪೀಣ್ಯದಲ್ಲಿ ಒಂದು ಗ್ರೈಂಡಿಂಗ್ ಶೆಡ್ಡಿನ ಪಕ್ಕ, ಶೀಟು ಹೊದಿಸಿದ ಒಂದು ಕ್ಯಾಂಟೀನ್ ಇತ್ತು. ಅದನ್ನು ನಡೆಸುತ್ತಿದ್ದವರು ಅವರು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಮುದ್ದೆ, ಅನ್ನ, ಸಾರು. ಸುತ್ತಲಿನ ಶೆಡ್ಡುಗಳ ಕೆಲಸಗಾರರೆಲ್ಲ ಅಲ್ಲೇ ಊಟ ಮಾಡುತ್ತಿದ್ದರು. ಬಾಡಿಗೆ ಗಾಡಿಯಲ್ಲಿ ಕಂಪನಿಯವರನ್ನು ಕರೆತಂದು ಕಾಯುತ್ತಾ ಕೂರುತ್ತಿದ್ದ ನನಗೂ ಅದೇ ಊಟದ ಮನೆ. ತಿರುವಣ್ಣಾಮಲೈ ಕಡೆಯ ಹಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದವರಂತೆ. ಬಂದ ಐದನೇ ವರ್ಷಕ್ಕೆ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ಊರಿಗೆ ಹಿಂತಿರುಗದೆ ಒಲೆ ಹಚ್ಚಿಕೊಂಡು ಇಲ್ಲೇ ಉಳಿದುಬಿಟ್ಟರು. ನಮಗೆಲ್ಲ ಅವರು ಅಕ್ಕ. ಅವರಿಗೆ ನಾವೆಲ್ಲ ರಾಜಾ.

ಫೋರ್ಮನ್ ಅಲ್ಲಿ ಮೂವತ್ತು ವರ್ಷ ಊಟ ಮಾಡಿದವರು. ಹತ್ತಿರದ ಶೆಡ್ಡಿನಲ್ಲಿ ಲೇತ್ ಯಂತ್ರದ ಟರ್ನರ್ ಆಗಿ ಸೇರಿ ಫೋರ್ಮನ್ ಆಗಿ ನಿವೃತ್ತರಾಗಿದ್ದರು. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳನ್ನು ಗದಗ ಕಡೆಯ ತಮ್ಮ ಹಳ್ಳಿಯಲ್ಲಿ, ಸ್ವಂತ ಅಕ್ಕನ ಮಗನಿಗೇ ಕೊಟ್ಟಿದ್ದರು. ತಾವು ರಾಜಗೋಪಾಲನಗರದ ಒಂದು ಬಾಡಿಗೆ ಕೋಣೆಯಲ್ಲಿದ್ದರು. ನಿವೃತ್ತಿಯಾದ ಮೇಲೂ ದಿನಾ ಒಗೆದ ಅಂಗಿ ತೊಟ್ಟು ಕ್ಯಾಂಟೀನಿಗೆ ಬರುತ್ತಿದ್ದರು. ಮೊದಲು ಊಟ ಮಾಡಿ ಹೋಗುತ್ತಿದ್ದವರು ಆಮೇಲಾಮೇಲೆ ಸೊಪ್ಪು ಬಿಡಿಸಿ ಕೊಡಲು ಕೂತರು. ಅವರಿಬ್ಬರ ನಡುವೆ ಏನಿದೆ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಜಾಲಹಳ್ಳಿಯಲ್ಲಿ, ಮರಗಳಿರುವ ಒಂದು ರಸ್ತೆಯಲ್ಲಿ ಇಬ್ಬರಿಗೂ ಸೇರಿ ಚಿಕ್ಕ ಮನೆ ನೋಡುತ್ತಿದ್ದಾರೆಂದು ಗೊತ್ತಾದಾಗ ಯಾರೂ ಆಶ್ಚರ್ಯಪಡಲೂ ಇಲ್ಲ.

ಫೋರ್ಮನ್ ಸೊಪ್ಪು ಬಿಡಿಸುತ್ತಾ ಯಾವಾಗಲೂ ತಮ್ಮ ಸೀಮೆಯ ಮಾತೇ ಆಡುತ್ತಿದ್ದರು.

"ಈ ಹೊಗಿ, ಈ ಗಟಾರ ನೋಡಿ ಕರ್ನಾಟಕ ಅಂದ್ರ ಇಷ್ಟ ಅಂತ ತಿಳ್ಕೊಂಡೀಯೇನು? ನಲವತ್ತು ವರ್ಷ ಆತು ಬಂದು. ತುಮಕೂರು ದಾಟಿಲ್ಲ ನೀ."

"ಒಲೆ ಯಾರು ನೋಡ್ಕೋತಾರೆ ಫೋರ್ಮನ್ರೇ?" ಎನ್ನುತ್ತಿದ್ದರು ಅಕ್ಕ.

ಕೊನೆಗೊಂದು ದಿನ ಒಲೆ ಆರಿಸಿದರು. ದಸರಾ ರಜೆಗೆ ಶೆಡ್ಡುಗಳೆಲ್ಲ ಮುಚ್ಚಿದ್ದವು. ಚಿತ್ರದುರ್ಗ, ಹಂಪಿ, ಲಕ್ಕುಂಡಿ, ನಂತರ ಅವರ ಊರು, ಅಲ್ಲಿಂದ ಬಾದಾಮಿ, ಗೋಳಗುಮ್ಮಟ... ಫೋರ್ಮನ್ ಒಂದು ಹಾಳೆಯಲ್ಲಿ ನೀಟಾಗಿ ಗೆರೆ ಎಳೆದು ದಾರಿ ಬರೆದುಕೊಂಡು ಬಂದಿದ್ದರು, ಡ್ರಾಯಿಂಗ್ ಮಾಡಿದ ಹಾಗೆ. ಅಕ್ಕ ಹಸಿರು ಸೀರೆ ಉಟ್ಟು, ಒಂದು ಚೀಲ ನಿಂಬೆಹಣ್ಣು ಹಿಡಿದು ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತರು.

ಚಿತ್ರದುರ್ಗದ ಕೋಟೆಯನ್ನು ಅಕ್ಕ ಪೂರ್ತಿ ಹತ್ತಲಿಲ್ಲ. ಮಂಡಿ ನೋವು. ಎರಡನೇ ಬಾಗಿಲ ಬಳಿ ಕಲ್ಲಿನ ಮೇಲೆ ಕೂತು, "ಇಲ್ಲಿಂದಾನೇ ಕಾಣ್ಸುತ್ತೆ ಬಿಡಿ" ಎಂದರು. ಫೋರ್ಮನ್ ಮೇಲೆ ಹೋಗಿ ಅಲ್ಲಿಂದ ಕೈ ಬೀಸಿದಾಗ ಇವರೂ ಸೆರಗು ಹಿಡಿದು ಬೀಸಿದರು. ಅಕ್ಕ ಅಷ್ಟು ನಕ್ಕಿದ್ದನ್ನು ನಾನು ಕ್ಯಾಂಟೀನಿನಲ್ಲಿ ನೋಡಿರಲಿಲ್ಲ.

ಹೊಸಪೇಟೆಯ ಲಾಡ್ಜಿನಲ್ಲಿ ಕೌಂಟರಿನವನು ಎರಡು ಆಧಾರ್ ಕಾರ್ಡು ಪಕ್ಕಪಕ್ಕ ಇಟ್ಟು ನೋಡಿದ. ಹೆಸರಿಗೂ ವಿಳಾಸಕ್ಕೂ ತಾಳೆಯಾಗಲಿಲ್ಲ. "ಇವ್ರು ಏನಾಗ್ಬೇಕು ಸಾರ್ ನಿಮ್ಗೆ?" ಎಂದು ಕೇಳಿದ. ಫೋರ್ಮನ್ ಒಂದು ಕ್ಷಣವೂ ತಡಮಾಡಲಿಲ್ಲ. "ನನ್ನ ಹೆಂಡ್ತಿ" ಎಂದರು. ಅವನು ಬೀಗದ ಕೈ ಕೊಟ್ಟ. ಅಕ್ಕ ತಲೆ ತಗ್ಗಿಸಿ ಚೀಲದ ಹಿಡಿಯನ್ನು ಸುಮ್ಮನೆ ಬಿಗಿ ಮಾಡುತ್ತಿದ್ದರು.

ಮರುದಿನ ಹಂಪಿಯಲ್ಲಿ ಕಲ್ಲಿನ ರಥದ ಮುಂದೆ ಅಕ್ಕ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾಲುವೆಯ ಪಕ್ಕ ಸಾಲಾಗಿ ಇಟ್ಟಿರುವ ಕಲ್ಲಿನ ತಟ್ಟೆಗಳ ಹತ್ತಿರ ಮಾತ್ರ ಕೂತೇಬಿಟ್ಟರು. ಅನ್ನಕ್ಕೊಂದು ಗುಂಡಿ, ಪಲ್ಯಕ್ಕೊಂದು ಗುಂಡಿ. ಬೆರಳಿಟ್ಟು ಅಳೆದರು. "ಇಷ್ಟು ಜನಕ್ಕೆ ಅಡಿಗೆ ಮಾಡ್ತಿದ್ದೋಳು ಎಲ್ಲಿ ಕೂತ್ಕೊಂಡು ಉಣ್ತಿದ್ಳೋ" ಎಂದರು. ಫೋರ್ಮನ್‌ಗೆ ರಾಜರ ಕಥೆಗಳು ಗೊತ್ತಿದ್ದವು. ಅವನ್ನು ಬಿಟ್ಟು ಪಕ್ಕ ಕೂತು ತಾವೂ ಒಂದು ಗುಂಡಿ ಅಳೆದರು.

ಮೂರನೇ ದಿನ ತುಂಗಭದ್ರೆ ದಾಟಿ ಮುಂದೆ ಹೋದಂತೆ ಫೋರ್ಮನ್ ಮಾತು ಬದಲಾಯಿತು. ಬೆಂಗಳೂರಿನ ಮಾತೆಲ್ಲ ಒಂದೊಂದಾಗಿ ಉದುರಿ ಊರಿನ ಮಾತೇ ಉಳಿಯಿತು. ಲಕ್ಕುಂಡಿಯ ಗುಡಿಯಲ್ಲಿ ಕಪ್ಪು ಕಂಬವೊಂದನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ಕಣ್ಣು ಮುಚ್ಚಿ ಅಂಗೈಯಿಂದ ಸವರಿದರು. "ಮುಟ್ಟಿ ನೋಡು. ಕಲ್ಲನ್ನ ಲೇತಿಗೆ ಹಾಕಿದಂಗ ತಿರುಗಿಸಿ ಕಡದಾರ. ಒಂದು ಕೂದಲೆಳಿಯಷ್ಟು ಹೆಚ್ಚುಕಮ್ಮಿ ಇಲ್ಲ. ನಾ ಇದೇ ಸೀಮಿಯಿಂದ ಬಂದಾಂವ" ಎಂದರು. ಅಕ್ಕ ಅವರ ಕೈಯ ಪಕ್ಕದಲ್ಲೇ ತಮ್ಮ ಕೈಯಿಟ್ಟರು. ಆ ಕಂಬದ ಬಳಿಯೇ ಅವರು ಹೇಳಿದ್ದು, ಅಕ್ಕನಿಗೂ ನನಗೂ ಕೇಳುವ ಹಾಗೆ: "ಇವತ್ತ ಮನಿಯೊಳಗ ಹೇಳಿಬಿಡ್ತೀನಿ. ನಮ್ಮ ಅಕ್ಕಗ ಹೇಳಿದ್ರ ಮುಗೀತು. ಆಕಿ ಇಲ್ಲ ಅನ್ನಂಗಿಲ್ಲ." ಅಕ್ಕ ಗಾಡಿ ಹತ್ತುವ ಮುಂಚೆ ಕನ್ನಡಿಯಲ್ಲಿ ನೋಡಿಕೊಂಡು ತಲೆ ಬಾಚಿಕೊಂಡರು.

ಊರು ಅರ್ಧ ಗಂಟೆಯ ದಾರಿ. ಗಾಡಿ ನಿಂತ ಸದ್ದಿಗೆ ಒಳಗಿನಿಂದ ಮೊದಲು ಹೊರಬಂದವರು ಫೋರ್ಮನ್ ಅವರ ಅಕ್ಕ ಅಲ್ಲ, ಮಗಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಅಪ್ಪನನ್ನು ನೋಡಿ ಮುಖ ಅರಳಿತು. ಕಾಲಿಗೆ ನೀರು ತರಲು ತಿರುಗಿದವರು ಹಸಿರು ಸೀರೆಯನ್ನು ನೋಡಿ ನಿಂತರು.

"ಇವರು ಯಾರಪ್ಪಾ?"

ಫೋರ್ಮನ್ ಬಾಯಿ ತೆರೆದರು. ಮುಚ್ಚಿದರು. ನನ್ನ ಕಡೆ ನೋಡಿದರು.

"ಇವರು... ಡ್ರೈವರ್‌ನ ತಾಯಿ. ದೇವರ ದರ್ಶನಕ್ಕಂತ ನಮ್ಮ ಜೋಡಿ ಬಂದಾರ."

ಮಗಳು ನನ್ನತ್ತ ತಿರುಗಿ, "ನಿಮ್ಮ ಅವ್ವಾರೇನ್ರಿ?" ಎಂದು ಕೇಳಿದರು. ನನ್ನ ಅಮ್ಮ ಮಾಕಳಿಯ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಳು. ನಾನು ಇಲ್ಲ ಅನ್ನಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು. "ಹೂಂ" ಎಂದುಬಿಟ್ಟೆ.

ಆಮೇಲೆ ನಡೆದದ್ದರಲ್ಲಿ ಯಾರದೂ ತಪ್ಪಿಲ್ಲ. ಫೋರ್ಮನ್‌ಗೆ ಒಳಗೆ ತಾಟು ಹಾಕಿದರು. ಡ್ರೈವರಿಗೂ ಅವನ ತಾಯಿಗೂ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿದರು. ಬಿಸಿ ರೊಟ್ಟಿ, ಎಣಗಾಯಿ, ಮೊಸರು. ಮಗಳು ಎರಡೆರಡು ಸಲ ಬಂದು ಬಡಿಸಿದರು. ನಾನು ಒಂದೇ ರೊಟ್ಟಿಗೆ ಎದ್ದೆ. ಅಕ್ಕ ತಟ್ಟೆಯಲ್ಲಿ ಒಂದು ಚೂರೂ ಬಿಡದೆ ಉಂಡು, ತಮ್ಮ ತಟ್ಟೆಯನ್ನು ತಾವೇ ತೊಳೆದು ಗೋಡೆಗೆ ಒರಗಿಸಿಟ್ಟರು.

ಹೊರಡುವಾಗ ಮಗಳು ಒಂದು ಗಂಟು ರೊಟ್ಟಿ ಕಟ್ಟಿಕೊಟ್ಟು, "ನಿಮ್ಮ ಮಗ ಗಾಡಿ ಭಾಳ ಛಲೋ ಹೊಡಿತಾನಂತ್ರಿ, ಅಪ್ಪ ಹೇಳಿದ" ಎಂದರು.

"ಹೌದಮ್ಮ" ಎಂದರು ಅಕ್ಕ. "ನನ್ ಮಗ ನಿಧಾನ."

ಗಾಡಿಯ ಹತ್ತಿರ ಬಂದು ಅವರು ಹಿಂದಿನ ಬಾಗಿಲು ತೆಗೆಯಲಿಲ್ಲ. ಮುಂದೆ, ನನ್ನ ಪಕ್ಕ ಕೂತರು. ಊರು ದಾಟಿದ ಮೇಲೆ ಹಿಂದಿನಿಂದ ಫೋರ್ಮನ್ ಮೆಲ್ಲಗೆ, "ನಾಳೆ ಬಾದಾಮಿ ಐತಲ್ಲ" ಎಂದರು. ಅಕ್ಕ ರಸ್ತೆಯನ್ನೇ ನೋಡುತ್ತಾ, "ನೋಡಿದ್ದಾಯ್ತು. ಮನೇಗ್ ಹೋಗೋಣ ರಾಜಾ" ಎಂದರು. ಆ ರಾತ್ರಿ ಚಿತ್ರದುರ್ಗದಲ್ಲಿ ಉಳಿದೆವು, ಮೂರು ಬೇರೆ ಕೋಣೆ. ಅಷ್ಟೂ ದಾರಿ ನಾನು ಹಾಡು ಹಾಕಲಿಲ್ಲ. ಹಿಂದಿನ ಸೀಟಿನಲ್ಲಿ ಆ ದಾರಿಯ ಹಾಳೆ ಗಾಳಿಗೆ ಪಟಪಟ ಅನ್ನುತ್ತಿತ್ತು. ಅದನ್ನು ಮಡಿಸಿಡಬೇಕೆಂದು ಫೋರ್ಮನ್‌ಗೂ ತೋಚಲಿಲ್ಲ.

ಜಾಲಹಳ್ಳಿಯ ಮನೆ ಬೇರೆಯವರಿಗೆ ಹೋಯಿತು. ಕ್ಯಾಂಟೀನ್ ಮತ್ತೆ ತೆರೆಯಿತು. ಫೋರ್ಮನ್ ದಿನಾ ಬಂದರು. ಅಕ್ಕ ಎಲ್ಲರಿಗೂ ಬಡಿಸಿದ ಹಾಗೆ ಅವರಿಗೂ ಬಡಿಸಿದರು. ಸೊಪ್ಪು ಮಾತ್ರ ತಾವೇ ಬಿಡಿಸಿಕೊಂಡರು. ಒಂದೆರಡು ತಿಂಗಳು ಕಳೆದ ಮೇಲೆ ಫೋರ್ಮನ್ ನನ್ನ ಕೈ ಹಿಡಿದು, "ತಮ್ಮಾ, ಒಂದು ಮಾತು ನೀ ಹೇಳಿ ನೋಡು" ಎಂದರು. ಹೋಗಿ ಹೇಳಿದೆ. ಅಕ್ಕ ಅಕ್ಕಿ ಆರಿಸುತ್ತಿದ್ದರು.

"ಅವ್ರ ಮೇಲೆ ಕೋಪ ಇಲ್ಲ ರಾಜಾ. ಮಗಳ ಮುಂದೆ ಅವ್ರಿಗೆ ನಾಲ್ಗೆ ಏಳ್ಲಿಲ್ಲ. ಆದ್ರೆ ಒಂದ್ಸಲ ಬೇರೆಯವಳಾಗಿ ಉಂಡ್ಬಂದೆ ನೋಡು, ಇನ್ನೊಂದ್ಸಲ ನನ್ಕೈಲಿ ಆಗಲ್ಲ." ಸ್ವಲ್ಪ ಹೊತ್ತು ಕಲ್ಲು ಹೆಕ್ಕಿದರು. "ನೀನೂ ಹೂಂ ಅಂದ್ಬಿಟ್ಟೆ ಅಲ್ವಾ..."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರ ದನಿಯಲ್ಲಿ ಬೈಗುಳ ಇರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ತನ್ನನ್ನು ಬಿಟ್ಟು ಇನ್ನೊಬ್ಬರನ್ನು ತಾಯಿ ಅಂದದ್ದಕ್ಕೆ ಸಿಟ್ಟಾಗುತ್ತಾಳೆಂದುಕೊಂಡಿದ್ದೆ. "ನಂಗೇನ್ ಕಮ್ಮಿ ಆಯ್ತದೆ ಬುಡು. ಆಯಮ್ಮಂಗೆ ಏನ್ ಉಳೀತು ಏಳು" ಎಂದಳು.

ಮುಂದಿನ ವರ್ಷ ಒಂದು ಬೆಳಿಗ್ಗೆ ಹಾಲಿನವನು ಎಷ್ಟು ಬಡಿದರೂ ಫೋರ್ಮನ್ ಬಾಗಿಲು ತೆಗೆಯಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಹಿಂದಿನ ದಿನ ಮಧ್ಯಾಹ್ನ ಅಕ್ಕನ ಕೈಯ ಊಟ ಮಾಡಿದ್ದರು. ಮಗಳೂ ಅಳಿಯನೂ ಬರುವವರೆಗೆ ದೇಹವನ್ನು ಆ ಕೋಣೆಯ ಮುಂದಿನ ಓಣಿಯಲ್ಲೇ ಇಟ್ಟಿದ್ದರು. ಅಕ್ಕ ಒಲೆ ಆರಿಸಿ ಬಂದು ಓಣಿಯ ತುದಿಯಲ್ಲಿ, ಜನರ ಹಿಂದೆ ನಿಂತರು. ನಾನು ಅವರ ಪಕ್ಕದಲ್ಲಿದ್ದೆ. ಆಂಬುಲೆನ್ಸ್ ಹತ್ತುವ ಮುನ್ನ ಮಗಳು ನನ್ನ ನಂಬರ್ ಕೇಳಲು ಬಂದವರು, ಅತ್ತ ಕಣ್ಣಿನಲ್ಲೇ ಅಕ್ಕನ ಗುರುತು ಹಿಡಿದರು.

"ನಿಮ್ಮ ಅವ್ವಾರೂ ಬಂದಾರಲ್ರಿ."

ಈ ಸಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟನ್ನು ಒತ್ತಿ ಹಿಡಿದರು.

"ಬಂದೆನಮ್ಮ. ನನ್ ಮಗಂಗೆ ಬೇಕಾದವ್ರು."

ಅಕ್ಕ ಮುಂದೆ ಹೋಗಿ ಮುಖ ನೋಡಲಿಲ್ಲ. ಹೂವು ಹಾಕಲಿಲ್ಲ. ಡ್ರೈವರ್‌ನ ತಾಯಿ ಎಷ್ಟು ಅಳಬಹುದೋ ಅಷ್ಟು ಅತ್ತರು. ಆಂಬುಲೆನ್ಸ್ ಮುಖ್ಯರಸ್ತೆ ಸೇರಿದ ಮೇಲೆ ಕ್ಯಾಂಟೀನಿಗೆ ನಡೆದು ಹೋಗಿ ಸಂಜೆಯ ಅಕ್ಕಿ ತೊಳೆಯಲು ಕೂತರು.

ಲಾಕ್‌ಡೌನ್ ಬಂದಾಗ ಶೆಡ್ಡುಗಳು ಮುಚ್ಚಿದವು, ಕ್ಯಾಂಟೀನೂ ಮುಚ್ಚಿತು. ಪಾಸು ಮಾಡಿಸಿ ನಾನೇ ಅವರನ್ನು ಅವರ ತಮ್ಮನ ಊರಿಗೆ ಬಿಟ್ಟು ಬಂದೆ. ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ. ಆಮೇಲೆ ಎರಡು ತಿಂಗಳಿಗೊಮ್ಮೆ. ಆಮೇಲೆ ಹಬ್ಬಕ್ಕೆ... ಹೋದ ವರ್ಷ ಪೊಂಗಲ್‌ಗೆ ಮಾಡಿದಾಗ ತಮ್ಮನ ಸೊಸೆ ಫೋನೆತ್ತಿ, ಅತ್ತೆ ಹೋಗಿ ಮೂರು ತಿಂಗಳಾಯಿತು ಎಂದಳು. ನನಗೆ ತಿಳಿಸಬೇಕೆಂದು ಯಾರಿಗೆ ಗೊತ್ತಿರಬೇಕು?

ಮೊನ್ನೆ ಭಾನುವಾರ ಫೋರ್ಮನ್ ಮಗಳ ಫೋನ್ ಬಂತು. ತಮ್ಮ ಮಗಳನ್ನು ಇಲ್ಲಿನ ನರ್ಸಿಂಗ್ ಹಾಸ್ಟೆಲಿಗೆ ಸೇರಿಸಲು ಬಂದಿದ್ದರು. ಸೇರಿಸಿ ಹಿಂತಿರುಗುವಾಗ ನಾನೇ ಹೊಸ ಗಾಡಿಯಲ್ಲಿ ಯಶವಂತಪುರದ ಸ್ಟೇಷನ್ನಿಗೆ ಬಿಡಬೇಕಿತ್ತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, "ನಿಮ್ಮ ಅವ್ವ ಹ್ಯಾಂಗದಾರ್ರಿ?" ಎಂದು ಕೇಳಿದರು.

ಹೇಳಿದೆ. ಲಾಡ್ಜಿನಲ್ಲಿ ಅವರ ಅಪ್ಪ ಏನೆಂದಿದ್ದರು, ಕಂಬದ ಬಳಿ ಏನೆಂದಿದ್ದರು, ಮನೆ ಬಾಗಿಲಲ್ಲಿ ಏನೆಂದರು, ನಾನು ಏನೆಂದೆ. ಗಾಡಿಗಳ ಸಾಲು ಕದಲದೆಯೇ ಸಿಗ್ನಲ್ ಎರಡು ಸಲ ಹಸಿರಾಗಿ ಮತ್ತೆ ಕೆಂಪಾಯಿತು. ಅವರು ಕಿಟಕಿಯ ಕಡೆ ಮುಖ ಮಾಡಿದ್ದರು. "ನಾ ಅವರನ್ನ ಹೊರಗ ಕೂಡಿಸಿ ಉಣ್ಣಾಕ ಹಾಕಿದೆನಲ್ರಿ" ಎಂದರು.

ರೈಲಿಗೆ ಇನ್ನೂ ಹೊತ್ತಿತ್ತು. ಕ್ಯಾಂಟೀನ್ ಇದ್ದ ಜಾಗ ತೋರಿಸಿ ಎಂದರು. ಗಾಡಿ ತಿರುಗಿಸಿದೆ. ಈಗ ಅಲ್ಲಿ ಕ್ಯಾಂಟೀನೂ ಇಲ್ಲ, ಗ್ರೈಂಡಿಂಗ್ ಶೆಡ್ಡೂ ಇಲ್ಲ. ಎರಡನ್ನೂ ಸೇರಿಸಿ ದೊಡ್ಡ ಗೋದಾಮು ಕಟ್ಟಿದ್ದಾರೆ. ನೀಲಿ ಗೇಟು. ಅವರು ಇಳಿದು ಗೇಟಿನವರೆಗೆ ಹೋಗಿ ನಿಂತರು. ನಾನು ಹಿಂದೆ ನಿಂತೆ. ಸೆಕ್ಯುರಿಟಿಯವನು ಕುರ್ಚಿಯಿಂದೆದ್ದು ಬಂದು, ಏನು ಬೇಕು ಎನ್ನುವಂತೆ ಕೈ ಮಾಡಿದ.

"ಏನಿಲ್ಲಪ್ಪ" ಎಂದರು ಅವರು. "ಇಲ್ಲೆ ನಮ್ಮ ಚಿಗವ್ವ ಕ್ಯಾಂಟೀನ್ ನಡಸ್ತಿದ್ಲು."

ಅಪ್ಪನ ಎರಡನೆಯ ಹೆಂಡತಿಯನ್ನು ಅವರ ಕಡೆ ಕರೆಯುವುದೇ ಹಾಗೆ. ಅಕ್ಕನನ್ನು ಯಾರಾದರೂ ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸೆಕ್ಯುರಿಟಿಯವನು ಅಸ್ಸಾಮಿನ ಕಡೆಯವನಿರಬೇಕು. ನಮ್ಮಿಬ್ಬರ ಮುಖವನ್ನೂ ನೋಡಿ, ಕನ್ನಡ ಬರುವುದಿಲ್ಲವೆಂದು ಹಿಂದಿಯಲ್ಲಿ ಹೇಳಿ, ಗೇಟು ಎಳೆದುಕೊಂಡ.