ಜಾದೂಮನೆಯ ಮೂಲೆಗಲ್ಲು

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಆಳಂದದ ಹೊರಗೆ ಫ್ರೀಮೇಸನ್ನರೆಂಬ ಗುಟ್ಟಿನ ಸಂಘದವರ ಸಭಾಭವನ, ಅವರ ಮಾತಿನಲ್ಲಿ ಲಾಡ್ಜು, ಎದ್ದಿತು. ವಕೀಲರು, ಅಧಿಕಾರಿಗಳು, ದೊಡ್ಡ ವ್ಯಾಪಾರಿಗಳು ಸೇರಿ ಕಟ್ಟಿಸಿದ್ದು. ಕಿಟಕಿಗಳು ಸದಾ ಮುಚ್ಚಿರುತ್ತಿದ್ದುದರಿಂದ ಊರವರು ಅದನ್ನು ಜಾದೂಮನಿ ಅನ್ನುತ್ತಿದ್ದರು. ಒಳಗೆ ಸೇರುವವರು ಸೊಂಟಕ್ಕೆ ಚರ್ಮದ ಬಟ್ಟೆ ಕಟ್ಟಿ, ಕೊರಳಿಗೆ ಕಲ್ಲಿನ ಮೂಲೆ ಅಳೆಯುವ ಮೂಲೆಮಟ್ಟ ತೂಗಿಸಿಕೊಂಡು, ತಮ್ಮನ್ನು ತಾವೇ ಗೌಂಡಿಗಳೆಂದು ಕರೆದುಕೊಳ್ಳುತ್ತಿದ್ದರಂತೆ. ಅವರಲ್ಲಿ ಒಬ್ಬನಿಗೂ ಒಂದು ಹಿಡಿ ಸುಣ್ಣ ಕಲಸಲು ಬರುತ್ತಿರಲಿಲ್ಲ.

ಅದನ್ನು ಕಟ್ಟಿದ ಗೌಂಡಿ ನನ್ನ ಅಪ್ಪ. ನಾವು ಅಫಜಲಪುರದವರು. ನನಗಾಗ ಇಪ್ಪತ್ತು ವರ್ಷ. ಅಪ್ಪನ ಕೆಲಸಕ್ಕೆಲ್ಲ ಸುಣ್ಣ-ಮರಳಿನ ಗಚ್ಚು ಅರೆದು ಕೊಡುತ್ತಿದ್ದವಳು ನಾನೇ. ಕರಿಗಲ್ಲು ಆಳಂದದ್ದು, ಬಿಳಿಗಲ್ಲು ಜೇವರ್ಗಿ ಕಡೆಯದು. ಕರಿದೊಂದು ಬಿಳಿದೊಂದು ಎಂದು ಅಪ್ಪ ನೆಲ ಹಾಸಿದಾಗ ಸಂದಿನಲ್ಲಿ ಉಗುರು ಕೂಡ ಹೋಗುತ್ತಿರಲಿಲ್ಲ.

ಬುನಾದಿಯ ದಿನ ಮೂಲೆಗಲ್ಲಿನ ಮೇಲೆ ಕಾಳು, ಎಣ್ಣೆ, ದ್ರಾಕ್ಷಿಯ ಮದ್ಯ ಸುರಿಯುವುದು ಅವರ ಪದ್ಧತಿ. ಸುರಿಯಲಿ, ಯಾರು ಬೇಡ ಅಂದರು? ಆದರೆ ಕಾರ್ಯದರ್ಶಿಯಾಗಿದ್ದ ವಕೀಲರಿಗೆ ಭಕ್ತಿ ಉಕ್ಕಿ ಹರಿಯಿತು. ಹಿಡಿ ಕಾಳು ಸಾಲದೆಂದು ಕಲ್ಲಿನ ಕೆಳಗಿನ ಗುಂಡಿಗೆ ಒಂದು ಚೀಲ ಜೋಳ ಸುರಿಸಿದರು.

"ಬ್ಯಾಡ್ರಿ ಸಾಹೇಬ್ರ, ಹೆಗ್ಗಣ ಬರ್ತಾವ," ಅಂದ ಅಪ್ಪ.

"ನೀ ಕಲ್ಲ ಇಡು. ಇದು ನಮ್ಮ ರಿವಾಜು," ಅಂದರು ವಕೀಲರು.

ಎರಡು ಮಳೆಗಾಲ ಕಳೆದ ಮೇಲೆ ಹೈದರಾಬಾದಿನ ದೊಡ್ಡ ಲಾಡ್ಜಿನಿಂದ ಬಂದ ಹಿರಿಯರೊಬ್ಬರು ಅದೇ ಮೂಲೆಯಲ್ಲಿ ಎಡವಿ ಬಿದ್ದರು. ನೆಲ ಕುಸಿದಿತ್ತು. ಗೌಂಡಿ ಗಚ್ಚಿಗೆ ಮಣ್ಣು ಬೆರೆಸಿದ್ದಾನೆಂಬ ಸುದ್ದಿ ಜೇವರ್ಗಿ ಸಂತೆಯವರೆಗೂ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಒಪ್ಪಿಕೊಂಡಿದ್ದ ಕೆಲಸಗಳು ಒಂದೊಂದಾಗಿ ಕೈತಪ್ಪಿದವು.

ದುರಸ್ತಿಗೆ ಮಾತ್ರ ಅಪ್ಪನೇ ಬೇಕಾದ. ಹೊರಗಿನವನು ಒಳಮನೆ ನೋಡಬಾರದೆಂದು ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಕೈಹಿಡಿದು ಕರೆದೊಯ್ದರು. ತಾನೇ ಹಾಸಿದ ನೆಲದ ಮೇಲೆ ನನ್ನ ಅಪ್ಪ ಕುರುಡನಂತೆ ತಡವರಿಸುತ್ತ ಹೋದ. ಹೆಂಗಸೆಂದು ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿದ್ದರು. ಮೂಲೆಗೆ ಪರದೆ ಕಟ್ಟಿ, ಅದರೊಳಗೆ ಅವನ ಕಣ್ಣಿನ ಬಟ್ಟೆ ಬಿಚ್ಚಿದರಂತೆ. ಅಪ್ಪ ಅಗೆದ ಮಣ್ಣನ್ನು ಚಪರಾಸಿ ತಂದು ನನ್ನ ಬುಟ್ಟಿಗೆ ಸುರಿದ. ಮಣ್ಣಿಗಿಂತ ಜೋಳದ ಹೊಟ್ಟು, ಹೆಗ್ಗಣದ ಹಿಕ್ಕೆಯೇ ಹೆಚ್ಚಿದ್ದವು.

ವಕೀಲರೂ ಅದನ್ನು ಕಂಡರು. ಒಂದು ಮಾತು ಆಡಿದ್ದರೆ ಅಪ್ಪನ ಹೆಸರು ಉಳಿಯುತ್ತಿತ್ತು. ಅವರು ಆಡಿದ ಮಾತೇ ಬೇರೆ.

"ಒಳಗ ನೋಡಿದ್ದು ಹೊರಗ ಹೇಳಾಂಗಿಲ್ಲ. ಮಾತ ಕೊಡು."

ಅಪ್ಪ ಕೊಟ್ಟ. ಗುಟ್ಟು ಕಾಯುವುದು ಅವರ ಧರ್ಮವಂತೆ! ಸುಳ್ಳು ಊರೂರು ತಿರುಗುವಾಗ ಆ ಧರ್ಮ ಎಲ್ಲಿ ಮಲಗಿತ್ತೋ.

ಆಮೇಲೆ ಅತನೂರಿನಲ್ಲಿ ಒಂದು ಬಾವಿ ಕಟ್ಟುವುದಿತ್ತು. ಕೆಲಸ ಕೇಳಲು ಅಪ್ಪನ ಜೊತೆ ನಾನೂ ಹೋದೆ. ಊರಗೌಡರು ನೇರವಾಗಿ ಕೇಳಿದರು:

"ಏನೋ ಗೌಂಡಿ, ಆಳಂದದಾಗ ನೆಲ ಕುಸೀತಂತ. ಗಚ್ಚು ಕೆಟ್ಟಿತ್ತೇನು?"

ಅಪ್ಪ ತಲೆ ತಗ್ಗಿಸಿದ. "ಅದನ್ನ ಹೇಳಾಕ ಬರಾಂಗಿಲ್ರಿ."

ಗೌಡರು ಎದ್ದು ಒಳಗೆ ಹೊರಟರು. ನನಗೆ ತಡೆಯಲಾಗಲಿಲ್ಲ.

"ಗಚ್ಚು ಅರದಾಕಿ ನಾನ್ರಿ. ಅದಕ್ಕೇನೂ ಆಗಿಲ್ಲ. ಕಲ್ಲಿನ ಕೆಳಗ ಅವರೇ ಜ್ವಾಳ ಹಾಕ್ಸಿದ್ರು, ಹೆಗ್ಗಣ ತೋಡ್ಯಾವ. ಆ ಮಣ್ಣು ಹೊತ್ತಾಕೀನೂ ನಾನ."

ಗೌಡರು ಹೊಟ್ಟೆ ಹಿಡಿದು ನಕ್ಕರು. ಕೆಲಸ ಅಪ್ಪನಿಗೇ ಕೊಟ್ಟರು.

ಊರು ಮುಟ್ಟುವವರೆಗೆ ಅಪ್ಪ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಮನೆಯ ಮುಂದೆ ನಿಂತು, "ಕೊಟ್ಟ ಮಾತು ನಂದಿತ್ತು, ಮುರದಾಕಿ ನೀನು," ಅಂದ. ನಾನೂ ಸುಮ್ಮನಿರಲಿಲ್ಲ. "ಅಂಥವರಿಗೆ ಯಾಕ ಕೊಟ್ಟಿ?" ಅಂದೆ.

ಅತನೂರಿನ ಬಾವಿಗೆ ಗಚ್ಚು ಅರೆಯಲು ಅಪ್ಪ ಬೇರೊಬ್ಬಳನ್ನು ಕರೆದುಕೊಂಡು ಹೋದ.