ಮಿರಗದ ಕೆಂಪು ದಾರ

ಬೇಡಕಿಹಾಳದ ಧರೆಪ್ಪನಿಗೆ ಮಳೆಯ ವಿಷಯ ತಿಳಿಸಹೋಗಿ ನಾನು ಮೂರು ಸಲ ಸೋತಿದ್ದೆ. ಗ್ರಾಮಸೇವಕನ ಕೆಲಸವೇ ಅಂಥದ್ದು, ಕೋಣನ ಮುಂದೆ ಕಿನ್ನರಿ ಬಾರಿಸಿ ಸಂಬಳ ತೆಗೆದುಕೊಳ್ಳುವುದು. ಮಳೆಗಾಲ ವರ್ಷವರ್ಷಕ್ಕೂ ಮುಂದಕ್ಕೆ ಹೋಗುತ್ತಿದೆ, ಶೇಂಗಾ ಬಿತ್ತನೆ ಹದಿನೈದು ದಿನ ತಡಮಾಡು ಎಂದು ನಕ್ಷೆ ಬಿಡಿಸಿ ತೋರಿಸಿದರೆ, ಅಪ್ಪ ಬಿತ್ತಿದ್ದು ಮಿರಗಕ್ಕೆ, ತಾನು ಬಿತ್ತುವುದೂ ಮಿರಗಕ್ಕೆ ಎಂದು ಎದ್ದು ಹೋಗುತ್ತಿದ್ದ. ಮಿರಗವೆಂದರೆ ಮೃಗಶಿರಾ ಮಳೆ, ಜೂನ್ ಏಳಕ್ಕೆ ಶುರುವಾಗುವುದು.

ಎರಡು ವರ್ಷ ಮಿರಗವನ್ನು ನಂಬಿ ಒಣಮಣ್ಣಿನಲ್ಲೇ ಬಿತ್ತಿದ. ಬೀಜವನ್ನು ಇರುವೆ ತಿಂದವು. ತೊಂಬತ್ತಮೂರನೆಯ ಇಸವಿಯಲ್ಲಿ ಉಳಿದದ್ದು ಒಂದೇ ಬಿತ್ತನೆಗಾಗುವಷ್ಟು ಬೀಜ. ಅದು ಅವನ ಹೆಂಡತಿ ಸಕ್ಕುಬಾಯಿ ಮದುವೆಯಲ್ಲಿ ಚಿಂಚಲಿಯ ತವರಿನಿಂದ ಉಡಿಯಲ್ಲಿ ತಂದ ತಳಿ. ಅದೂ ಹೋದರೆ ಆ ತಳಿಯೇ ಮುಗಿಯಿತು.

ಸಕ್ಕುಬಾಯಿ ಶಾಲೆಯ ಕಟ್ಟೆ ಹತ್ತಿದವಳಲ್ಲ. ಮಾತೂ ಕಡಿಮೆ. ಮಳೆ ಹಿಡಿದು ಹೊಲದ ಕೆಲಸ ನಿಂತ ದಿನ ಮಾತ್ರ ಹೊದೆಯುವ ಕೌದಿ ಹೊಲಿಯಲು ಕೂರುವಳು. ಬಿಸಿಲಿದ್ದರೆ ಕಳೆ ತೆಗೆಯಲು ಹೋಗಬೇಕಲ್ಲ. ವರ್ಷಕ್ಕೊಂದು ಕೌದಿ. ಅಂಚಿನಿಂದ ನಡುವಿಗೆ ಸುತ್ತು ಹಾಕುತ್ತ, ಒಂದೊಂದು ನಕ್ಷತ್ರದ ಮಳೆಗೆ ಒಂದೊಂದು ಬಣ್ಣದ ದಾರ. ಮಿರಗಕ್ಕೆ ಕೆಂಪು, ಮುಂದಿನ ಆರಿದ್ರಾಕ್ಕೆ ಬಿಳಿ, ಮಳೆಗಾಲದ ಕೊನೆಯ ಕಡೆ ಬರುವ ಹಸ್ತಕ್ಕೆ ಹಸಿರು. ಅವಳ ತಾಯಿ ಹಾಗೆ ಹೊಲಿಯುತ್ತಿದ್ದಳು, ಇವಳೂ ಹಾಗೇ.

ಆ ಜೂನಿನಲ್ಲಿ ನಾನು ನಾಲ್ಕನೆಯ ಸಲ ಹೋದಾಗ ಧರೆಪ್ಪ ಬೀಜದ ಗಡಿಗೆಯನ್ನು ಆಗಲೇ ಹೊರಗೆ ತಂದಿದ್ದ. ನನ್ನ ನಕ್ಷೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸಕ್ಕುಬಾಯಿ ಒಳಗಿನಿಂದ ಹತ್ತು ವರ್ಷದ ಹತ್ತು ಕೌದಿಗಳನ್ನು ಹೊತ್ತು ತಂದು, ಹಳೆಯದರಿಂದ ಹೊಸದರವರೆಗೆ ಅಂಗಳದಲ್ಲಿ ಸಾಲಾಗಿ ಹಾಸಿದಳು.

"ಅಂಚ ನೋಡ್ರಿ," ಅಂದಳು ಗಂಡನಿಗೆ. "ನಾ ಏನೂ ಹೇಳಂಗಿಲ್ಲ."

ಮೊದಲ ಕೌದಿಯಲ್ಲಿ ಕೆಂಪು ಪಟ್ಟಿ ಅಂಗೈ ಅಗಲ. ಆಮೇಲೆ ಮೂರು ಬೆರಳು. ನಡುವೆ ಒಂದರಲ್ಲಿ ತುಸು ಹೆಚ್ಚಿ, ಮತ್ತೆ ಎರಡು. ಎಂಟನೆಯದರಲ್ಲಿ ಒಂದೇ ಎಳೆ. ಕೊನೆಯ ಎರಡರಲ್ಲಿ ಕೆಂಪೇ ಇಲ್ಲ, ಅಂಚೇ ಬಿಳಿ. ನಡುವಿನ ಹಸಿರು ಮಾತ್ರ ಹಿಗ್ಗುತ್ತ ಬಂದಿತ್ತು. ನಾನು ಕಚೇರಿಯಲ್ಲಿ ಬೆವರು ಸುರಿಸಿ ಬರೆದದ್ದನ್ನು ಈಕೆ ಯಾರೂ ಹೇಳದೆ ಹೊಲಿದು, ಮಕ್ಕಳಿಗೆ ಹೊದಿಸಿ ಮಲಗಿಸಿದ್ದಳು. ನಕ್ಷೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಧರೆಪ್ಪ ಮೊಣಕಾಲೂರಿ ಒಂದೊಂದೇ ಅಂಚಿಗೆ ಬೆರಳಿಟ್ಟು ಅಳೆದ. ಕೊನೆಯದರ ಮೇಲೆ ಅವನ ಕೈ ಬಹಳ ಹೊತ್ತು ನಿಂತಿತು.

"ಇದನ್ನ ಹೊಚ್ಕೊಂಡ ಮಲಗೀನಿ," ಅಂದ. "ನನಗ ಕಾಣಲೇ ಇಲ್ಲ."

ಗಡಿಗೆಯನ್ನು ತಾನೇ ಒಳಗೊಯ್ದು ಇಟ್ಟ.

ಆ ವರ್ಷವೂ ಮಿರಗ ಒಣಗಿಯೇ ಹೋಯಿತು. ಬಿತ್ತಿ ಮುಗಿಸಿದ ಅಕ್ಕಪಕ್ಕದವರು ಅವನನ್ನು ಮೈಗಳ್ಳನೆಂದು ಆಡಿಕೊಂಡರು. ಅವನು ಹಲ್ಲು ಕಚ್ಚಿ ಕೂತ. ಆರಿದ್ರಾ ಹದವಾಗಿ ಹಿಡಿದ ಮೇಲೆ ಬಿತ್ತಿದ. ಹತ್ತನೆಯ ದಿನ ನಾನು ಹೋದಾಗ ಹೊಲದ ತುಂಬ ಮೊಳಕೆ, ಮೇಲೆ ಜಿಟಿಜಿಟಿ ಮಳೆ. ಸಕ್ಕುಬಾಯಿ ಬಾಗಿಲಲ್ಲಿ ಕೂತು ಹೊಸ ಕೌದಿಯ ಅಂಚನ್ನು ಬಿಳಿ ದಾರದಲ್ಲಿ ಹೊಲಿಯುತ್ತಿದ್ದಳು. ಕೆಂಪು ದಾರದ ಉಂಡೆ ಪಕ್ಕದಲ್ಲೇ ಇತ್ತು. ಅದನ್ನು ಅವಳು ಇನ್ನೂ ಒಳಗೆ ಎತ್ತಿಟ್ಟಿರಲಿಲ್ಲ.