ಬೊಂಡಾಸ್ ಬೇಯದ ಗಂಜಿ ಅಂಗಡಿ

ಭಟ್ಕಳದ ಬಂದರಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗಂಜಿ ಅಂಗಡಿಯ ಬೆಂಚಿನಲ್ಲಿ ಕೂತ ನನಗೆ ಮಂಜು ಯಾವುದು, ಗಂಜಿಯ ಹಬೆ ಯಾವುದು ತಿಳಿಯದ ಹೊತ್ತು. ಅದರ ನಡುವೆ ಸಣಕಲು ಮೈಯ ಜಟ್ಟಿ ಮೊಗೇರ ನೆರಳಿನಂತೆ ಓಡಾಡುತ್ತಾರೆ. ದೋಣಿಯಿಂದ ಇಳಿದ ಮೀನುಗಾರ ಹಮ್ಮ, ಕಪ್ಪು ಮಸಿ ಸುರಿಸುವ ಬೊಂಡಾಸ್ ಮೀನು ಹಿಡಿದು ಒಳಗೆ ಬರುತ್ತಾನೆ.

“ಎಂತ ಜಟ್ಟಣ್ಣ, ಇವತ್ತಾದ್ರೂ ಇದ್ರ ಸಾರು ಮಾಡ್ತ್ಯಾ?”

“ಮನೆಗೆ ತಕಂಡು ಹೋಗು. ನಿನ್ನ ಹೆಂಡ್ತಿಗೆ ಕೈ ಇಲ್ವಾ?”

ಜಟ್ಟಿ ಮೊದಲು ಹಡಗಿನಲ್ಲಿ ಅಡುಗೆಯವರು. ಅವರು ಏಣಿ ಹತ್ತುವಷ್ಟರಲ್ಲಿ ಹಿಂದೆ ನಿಂತವರು ಬೀಡಿ ಸೇದಿ ಮುಗಿಸುತ್ತಿದ್ದರಂತೆ, ಅಂಥ ದಪ್ಪ ಮೈ. ಉಸಿರು ಕಟ್ಟತೊಡಗಿದಾಗ, ೧೯೭೫ರ ಸುಮಾರಿಗೆ, ಪರದೇಶದ ಬಂದರೊಂದರಲ್ಲಿ ಮೈ ಇಳಿಸುವ ಆಪರೇಷನ್ ಆಯಿತು. ಜಠರದ ಚೂರು ಭಾಗವನ್ನಷ್ಟೇ ಬಳಕೆಗೆ ಬಿಟ್ಟು ಕರುಳಿಗೆ ಹೊಲಿದರು. ಮೈ ಇಳಿಯಿತು. ಊರಿಗೆ ಬಂದು ಅಂಗಡಿ ಹಾಕಿದರು. ಬಂದರಿಗೆಲ್ಲ ಉಣಿಸುವವರ ಊಟ ಈಗ ಚಹಾ ಲೋಟದಷ್ಟು ಗಂಜಿ.

ಹೋದ ವರ್ಷ, ೧೯೮೫ರಲ್ಲಿ, ಮಲ ಡಾಂಬರಿನಂತೆ ಕಪ್ಪಾಯಿತು. “ಬೊಂಡಾಸಿನ ಮಸಿ ಅಂದ್ಕಂಡೆ. ದಿನಾ ಅದ್ರ ಸಾರಿನ ರುಚಿ ನೋಡ್ತಿದ್ನಲ್ಲ!” ಎನ್ನುತ್ತಾರೆ ಜಟ್ಟಿ. ಆಗ ಹೆಂಡತಿ ಮಾಸ್ತಮ್ಮನಿಗೂ ಹಾಗೇ ಹೇಳಿ ನಕ್ಕಿದ್ದರು. ಒಂದು ಬೆಳಿಗ್ಗೆ ಒಲೆಯ ಪಕ್ಕದಲ್ಲೇ ಕುಸಿದರು.

ಮೀನಿನ ಲಾರಿಯಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದರು. “ಐಸು ಕರಗಿ ತೊಟ್ಟಿಕ್ಕೂ ಶಬ್ದ. ಮತ್ತೆ ಹಡಗಲ್ಲೇ ಮಲಗಿದ ಹಾಗೆ. ಎಲ್ಲಿಗೆ ಹೊರಟಿದ್ದು ಅಂತ ಕೇಳೂಕೂ ಮನಸ್ಸಿಲ್ಲ, ಅಷ್ಟು ತಂಪು,” ಎನ್ನುತ್ತಾರೆ.

ಹಳೆಯ ಹೊಲಿಗೆಯ ಜಾಗ ಹುಣ್ಣಾಗಿ ರಕ್ತ ಸೋರುತ್ತಿತ್ತು; ಅದೇ ಕರುಳಲ್ಲಿ ಕಪ್ಪಾಗಿ ಮಲದಲ್ಲಿ ಬರುತ್ತಿತ್ತು. ಹಮ್ಮನೂ ರಕ್ತ ಕೊಟ್ಟ. ಇಷ್ಟು ವರ್ಷಗಳ ಮೇಲೆ ಹೀಗಾಗುವುದು ಅಪರೂಪ, ಆದರೆ ಮತ್ತೆ ಆಗಲೂಬಹುದು, ಕಪ್ಪು ಕಂಡ ದಿನವೇ ಬನ್ನಿ ಎಂದರು ವೈದ್ಯರು.

ಅಂದಿನಿಂದ ಈ ಅಂಗಡಿಯಲ್ಲಿ ಬೊಂಡಾಸ್ ಇಲ್ಲ. ಕಪ್ಪು ಕಂಡರೆ ಮಸಿಯೋ ರಕ್ತವೋ ಎಂಬ ಅನುಮಾನ ಉಳಿಯಬಾರದಲ್ಲ. ಗಿರಾಕಿಗಳು ಕೆಲವರು ಪಕ್ಕದ ಅಂಗಡಿಗೆ ನಡೆದಿದ್ದಾರೆ. “ಹೋಗ್ಲಿ, ಅವ್ರೆಲ್ಲ ತಿರುಗಿ ಬರ್ತ್ರು. ಇವ್ರು ಹೋದ್ರೆ ಬರ್ತ್ರಾ?” ಎನ್ನುತ್ತಾರೆ ಮಾಸ್ತಮ್ಮ.

ಮಲದ ಬಣ್ಣವನ್ನು ಗಿರಾಕಿಗಳೆದುರು ಕೇಳುವುದು ಹೇಗೆ? ಅದಕ್ಕೂ ಮಾಸ್ತಮ್ಮ ದಾರಿ ಕಂಡುಕೊಂಡಿದ್ದಾರೆ. ಬಿಸಿಲು ದೋಣಿಗಳ ಮೇಲೆ ಇಳಿಯುವಾಗ ಪಾತ್ರೆ ತೊಳೆಯುತ್ತಲೇ ಕೂಗುತ್ತಾರೆ:

“ಹ್ವಾಯ್, ಬೊಂಡಾಸ್ ಬಂತಾ?”

ಹೊಸ ಗಿರಾಕಿಯೊಬ್ಬ ಆಸೆಯಿಂದ ತಲೆ ಎತ್ತುತ್ತಾನೆ. ಜಟ್ಟಿ ತಮ್ಮ ಲೋಟಕ್ಕೆ ಗಂಜಿ ಬಗ್ಗಿಸಿಕೊಳ್ಳುತ್ತಾರೆ.

“ಇಲ್ಲ ಮಾರಾಯ್ತಿ, ಇವತ್ತೂ ಇಲ್ಲ.” ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ, “ದಿನಾ ಇಷ್ಟು ಹೇಳೂಕೆ ಸಿಕ್ಕಿದ್ರೆ ಆತು.”